ಮಳೆಯನ್ನೇ ಓದಬೇಕು ಅಂದುಕೊಂಡಿದ್ದೇನೆ, ಅಪ್ಪ ಬೇಡ ಅನ್ನುತ್ತಾರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂದಿನ ಓದಿನ ಬಗ್ಗೆ. ಅವುಗಳಲ್ಲಿ ನಾಲ್ಕು ಪತ್ರಗಳು ಹವಾಮಾನ ಬದಲಾವಣೆಯ ಸುತ್ತಲೇ ಇದ್ದವು. ನಾಲ್ಕೂ ಶಿವಮೊಗ್ಗ ಜಿಲ್ಲೆಯವೇ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು ನಾನು. ತೀರ್ಥಹಳ್ಳಿ ಹತ್ತಿರ ನಮಗೂ ಎರಡೆಕರೆ ಅಡಿಕೆ ತೋಟವಿದೆ. ಉತ್ತರ ಎರಡೂ ಕಡೆಯಿಂದ ಬರುತ್ತದೆ.

ಪ್ರಶ್ನೆ: ಮೇಡಂ, ನಮಸ್ಕಾರ. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಭೌತಶಾಸ್ತ್ರ ಮತ್ತು ಗಣಿತ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಮೂರು ವರ್ಷವಾಯಿತು. ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆ ರೋಗಕ್ಕೆ ಎರಡು ಸಲ ಔಷಧಿ ಹೊಡೆದರೆ ಸಾಕಾಗುತ್ತಿತ್ತು, ಈಗ ಮೂರನೇ ಸಲಕ್ಕೂ ಮರ ಹತ್ತುವ ಕೊನೆಗೌಡನನ್ನು ಹುಡುಕಬೇಕು. ಮಳೆ ಯಾಕೆ ಹೀಗಾಯಿತು ಎಂದು ಸರಿಯಾಗಿ ಓದಬೇಕು ಅನ್ನಿಸಿದೆ. ಅಪ್ಪ ಬಿ.ಎಡ್. ಮಾಡು, ಹತ್ತಿರದಲ್ಲೇ ಕೆಲಸ ಸಿಗುತ್ತದೆ ಅನ್ನುತ್ತಾರೆ. ಹವಾಮಾನ ಬದಲಾವಣೆ ಅಂತ ಒಂದು ಓದು ಇದೆಯಾ? ಅದರಲ್ಲಿ ಏನು ಕಲಿಸುತ್ತಾರೆ? ನನ್ನಂಥವಳಿಗೆ ಆಗುತ್ತದಾ?
ಬಿ.ಎಸ್ಸಿ. ವಿದ್ಯಾರ್ಥಿನಿ, ಹೊಸನಗರ ತಾಲ್ಲೂಕು

ಉತ್ತರ: ಮಗೂ, ಮೊದಲು ಅಪ್ಪನ ಮಾತು. ಅದು ತಳ್ಳಿಹಾಕುವ ಮಾತಲ್ಲ. ಬಿ.ಎಡ್. ಮಾಡಿದ ಹುಡುಗಿ ಬೆಳಿಗ್ಗೆ ಯಾವ ಬಸ್ಸು ಹತ್ತಿ ಯಾವ ಶಾಲೆಗೆ ಹೋಗುತ್ತಾಳೆ ಎಂದು ಅವರಿಗೆ ಗೊತ್ತು. ನೀನು ಹೇಳುವ ಓದು ಮುಗಿದ ಮೇಲೆ ಮಗಳು ಎಲ್ಲಿ ಕೂತು ಏನು ಮಾಡುತ್ತಾಳೆ ಎನ್ನುವುದು ಅವರ ಕಣ್ಣಿಗೆ ಕಟ್ಟುತ್ತಿಲ್ಲ, ಅಷ್ಟೆ. ಈ ಉತ್ತರವನ್ನು ಅವರಿಗೂ ಓದಿ ಹೇಳು.

ಏನು ಕಲಿಸುತ್ತಾರೆ ಎಂದು ಕೇಳಿದ್ದೀಯ. ಇವತ್ತು ರಾತ್ರಿ ಹಾಸ್ಟೆಲಿನಲ್ಲೇ ಒಂದು ಲೆಕ್ಕ ಮಾಡಿ ನೋಡು. ಸೂರ್ಯನಿಂದ ಭೂಮಿಯ ವಾತಾವರಣದ ಮೇಲ್ತುದಿಗೆ ಬರುವ ಶಕ್ತಿ ಚದರ ಮೀಟರಿಗೆ ಸುಮಾರು 1361 ವಾಟ್. ಭೂಮಿ ಗೋಳವಾದ್ದರಿಂದ ಅದನ್ನು ನಾಲ್ಕರಿಂದ ಭಾಗಿಸು. ಮೋಡ, ಹಿಮ, ಮರಳು ಸೇರಿ ಶೇ 30ರಷ್ಟನ್ನು ವಾಪಸ್ ಕಳಿಸುತ್ತವೆ, ಅದನ್ನು ಕಳೆ. ಉಳಿದದ್ದನ್ನು ನಿನಗೆ ಗೊತ್ತಿರುವ ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮಕ್ಕೆ, ಅಂದರೆ ಎಷ್ಟು ಬಿಸಿಯಿದ್ದರೆ ಎಷ್ಟು ಶಾಖ ಹೊರಸೂಸುತ್ತದೆ ಎನ್ನುವ ನಿಯಮಕ್ಕೆ ಹಾಕು. ಮೈನಸ್ 18 ಡಿಗ್ರಿ ಸೆಲ್ಸಿಯಸ್ ಬರುತ್ತದೆ. ಭೂಮಿಯ ನಿಜವಾದ ಸರಾಸರಿ ಸುಮಾರು 15. ನಡುವಿನ 33 ಡಿಗ್ರಿ ಎಲ್ಲಿಂದ ಬಂತು? ನೀರಾವಿ, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳು ಹೊದ್ದಿಸಿದ ಕಂಬಳಿಯಿಂದ. ಆ ಕಂಬಳಿ ದಪ್ಪವಾದರೆ ಏನಾಗುತ್ತದೆ ಎಂದು ಸ್ವೀಡನ್ನಿನ ಅರ್ಹೇನಿಯಸ್ 1896ರಲ್ಲೇ ಕೈಯಲ್ಲಿ ಲೆಕ್ಕ ಹಾಕಿದ್ದರು. 1967ರಲ್ಲಿ ಸ್ಯುಕುರೊ ಮನಾಬೆ ಮತ್ತು ಅವರ ಸಹೋದ್ಯೋಗಿ ಗಾಳಿಯ ಒಂದೇ ಒಂದು ಕಂಬವನ್ನು ಕಂಪ್ಯೂಟರಿಗೆ ಹಾಕಿ, ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ನೆಲ ಸುಮಾರು 2.3 ಡಿಗ್ರಿ ಬಿಸಿಯಾಗುತ್ತದೆ ಎಂದು ತೋರಿಸಿದರು. ಮನಾಬೆ ಅವರಿಗೆ 2021ರಲ್ಲಿ ನೊಬೆಲ್ ಬಂದದ್ದು ಭೌತಶಾಸ್ತ್ರದಲ್ಲಿ. ಅಂದರೆ ಇದು ನಿನ್ನದೇ ಶಾಸ್ತ್ರ, ಬೇರೆ ಯಾರ ಮನೆಯದೂ ಅಲ್ಲ.

ಇನ್ನು ಮಳೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಥರ್ಮೋಡೈನಮಿಕ್ಸಿನಲ್ಲಿ ನೀನು ಬಾಯಿಪಾಠ ಮಾಡಿರುವ ಕ್ಲಾಸಿಯಸ್-ಕ್ಲಾಪೆರಾನ್ ಸಮೀಕರಣ ಹೇಳುವುದು ಇದನ್ನೇ. ಹಾಗಾದರೆ ನಮಗೆ ಮಳೆ ಹೆಚ್ಚಾಗಬೇಕಲ್ಲ? ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಶೇ 6ರಷ್ಟು ಕಡಿಮೆಯಾಗಿದೆ. ಎದ್ದು ಕಾಣುವಷ್ಟು ಇಳಿದ ಎರಡು ಜಾಗಗಳಲ್ಲಿ ಒಂದು ಗಂಗಾ ಬಯಲು, ಇನ್ನೊಂದು ಪಶ್ಚಿಮ ಘಟ್ಟ. ಹೊಗೆ, ದೂಳಿನ ಕಣಗಳು ಬಿಸಿಲನ್ನು ತಡೆದು ಮುಂಗಾರನ್ನು ದುರ್ಬಲ ಮಾಡಿದ್ದು ಅದಕ್ಕೆ ಒಂದು ಕಾರಣ. ಅದೇ ಅವಧಿಯಲ್ಲಿ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರಿ ಸುರಿಯುವ ಮಳೆ ಸುಮಾರು ಶೇ 75ರಷ್ಟು ಹೆಚ್ಚಿತು. ಒಟ್ಟು ಕಡಿಮೆ, ಸುರಿದಾಗ ವಿಪರೀತ. ಆದರೆ ಮಧ್ಯ ಭಾರತದ ಅಂಕಿಯನ್ನು ತಂದು ಹೊಸನಗರದ ತೋಟಕ್ಕೆ ಅಂಟಿಸಬೇಡ. ಭಾಷಣಗಳಲ್ಲಿ ಹಾಗೆ ಅಂಟಿಸುವುದನ್ನು ಕೇಳಿ ಕೇಳಿ ನನಗೆ ಬೇಸರವಾಗಿದೆ. ಮಲೆನಾಡಿನ ಪ್ರಶ್ನೆಗೆ ಮಲೆನಾಡಿನಲ್ಲೇ ಅಳೆದು ಉತ್ತರ ಕಂಡುಕೊಳ್ಳಬೇಕು.

ಆ ಅಳತೆ ಎಷ್ಟು ಕಷ್ಟದ್ದು ನೋಡು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ. ಅಲ್ಲಿಂದ ನೂರು ಕಿಲೋಮೀಟರ್ ಒಳಗಿರುವ ನಿನ್ನ ಹಾಸ್ಟೆಲಿನ ಊರಿನಲ್ಲಿ ಅದರ ಐದನೇ ಒಂದು ಭಾಗವೂ ಇಲ್ಲ. ಕಡಲಿಂದ ಬಂದ ತೇವದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ, ಇತ್ತ ಬರುವಷ್ಟರಲ್ಲಿ ಬರಿದಾಗಿರುತ್ತದೆ. ಸಂಶೋಧಕರು ಬಳಸುವ ದೇಶದ ಮಳೆ ನಕ್ಷೆಯಲ್ಲಿ ಒಂದೊಂದು ಚೌಕ ಹತ್ತಿರ ಹತ್ತಿರ 25 ಕಿಲೋಮೀಟರ್ ಅಗಲ. ಅಂಥ ಒಂದು ಚೌಕದೊಳಗೆ ನಮ್ಮಲ್ಲಿ ಎರಡು ಮೂರು ಬೇರೆ ಬೇರೆ ಮಳೆಗಾಲಗಳಿರುತ್ತವೆ. ನಿನ್ನ ತಾಲ್ಲೂಕಿನಲ್ಲೇ ಹುಲಿಕಲ್ಲಿನ ಮಳೆಯೇ ಬೇರೆ, ರಿಪ್ಪನ್‌ಪೇಟೆಯ ಮಳೆಯೇ ಬೇರೆ ಎಂದು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೂರದ ಊರಿನಲ್ಲಿ ಕೂತು ಆ ಚೌಕವನ್ನು ನೋಡುವವರಿಗೆ ಅದನ್ನು ಹೇಳಿಕೊಡಬೇಕು.

ಈಗ ನೀತಿಯ ಮಾತು. ವಿಜ್ಞಾನ ಓದಲೋ ನೀತಿ ಓದಲೋ ಎಂದು ಮಕ್ಕಳು ಕೇಳುವಾಗೆಲ್ಲ ನಾನು ಅಡಿಕೆಯ ಬೆಳೆ ವಿಮೆಯ ಕಥೆ ಹೇಳುತ್ತೇನೆ.

ಹವಾಮಾನ ಆಧಾರಿತ ಬೆಳೆ ವಿಮೆಗೆ ನಿಮ್ಮ ಅಪ್ಪನೂ ದುಡ್ಡು ಕಟ್ಟಿರಬಹುದು. ವಿಮಾ ಮೊತ್ತದ ಶೇ 5 ರೈತರ ಪಾಲು. ಕೊಳೆ ಬಂದು ಕಾಯಿ ಉದುರಿದರೆ ಯಾರೂ ತೋಟಕ್ಕೆ ಬಂದು ಎಣಿಸುವುದಿಲ್ಲ. ಷರತ್ತಿನ ಹಾಳೆಯಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದೊಳಗೆ, ಎಷ್ಟು ಮಿಲಿಮೀಟರ್ ಎಂದು ಮೊದಲೇ ಬರೆದಿರುತ್ತದೆ. ಪಂಚಾಯಿತಿಗೊಂದರಂತೆ ಇಟ್ಟ ಮಳೆಮಾಪಕ ಹೇಳಿದ್ದೇ ಸತ್ಯ, ಅದರ ಮೇಲೆ ಪರಿಹಾರ. ಆ ಮಾಪಕದೊಳಗೆ ಏತದ ಹಾಗೆ ಅತ್ತಿತ್ತ ವಾಲುವ ಪುಟ್ಟ ಬಟ್ಟಲು ಇರುತ್ತದೆ. ತುಂಬಿದಾಗೊಮ್ಮೆ ವಾಲಿ ಒಂದು ಎಣಿಕೆ ಕಳಿಸುತ್ತದೆ. ನಮ್ಮ ಕಡೆ ಒಂದು ವರ್ಷ ಪುಷ್ಯ ಮಳೆ ಹಗಲು ರಾತ್ರಿ ಹಿಡಿದಿತ್ತು. ನನ್ನ ಅಂಗಳದ ಮಳೆ ಅಳೆಯುವ ಡಬ್ಬಿಯಲ್ಲಿ ಒಂದೇ ದಿನ ಏಳು ಇಂಚು. ಯಂತ್ರದ ಲೆಕ್ಕದಲ್ಲಿ ಎರಡೂ ಇಲ್ಲ. ಹೋಗಿ ನೋಡಿದರೆ ಹಲಸಿನ ಕೊಂಬೆ ಮಾಪಕದ ಮೇಲೇ ಚಾಚಿಕೊಂಡಿದೆ, ಕೊಳೆತ ಎಲೆ ಬಾಯಿಯನ್ನು ಕಟ್ಟಿದೆ. ಸುತ್ತಲಿನ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕು ಎಂಬ ನಿಯಮ ಪುಸ್ತಕದಲ್ಲಿತ್ತು, ಜಾಗದಲ್ಲಿರಲಿಲ್ಲ. ಆ ಊರಿನವರಿಗೆ ಪರಿಹಾರ ಬರಲಿಲ್ಲ. ಪಕ್ಕದ ಮನೆಯ ಮಾವ, ಆ ವರ್ಷ ಅರ್ಧ ಬೆಳೆಯೂ ಕಾಣದವರು, ನನ್ನ ಹತ್ತಿರ ಬಂದು "ನಿನ್ನ ಡಬ್ಬಿ ಲೆಕ್ಕ ಯಾಕೆ ಆಗೋದಿಲ್ಲ ಮಾರಾಯ್ತಿ?" ಎಂದು ಕೇಳಿದರು. ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದಕ್ಕಿಂತ ಆಳದಲ್ಲಿ ಇನ್ನೊಂದಿದೆ. ಷರತ್ತಿನ ಆ ಮಿಲಿಮೀಟರನ್ನು ಯಾರೋ ಕೂತು ಬರೆದರಲ್ಲ, ಯಾವ ಆಧಾರದ ಮೇಲೆ? ಕೊಳೆಗೆ ಬೇಕಾದ್ದು ಬರೀ ಒಟ್ಟು ಮಳೆಯಲ್ಲ. ಬಿಡದೆ ಹಿಡಿದ ತೇವ, ನಡುವೆ ಒಂದಿಷ್ಟು ಬಿಸಿಲು, ಮತ್ತೆ ಮಳೆ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಈ ಕೊಳೆಯನ್ನು ಅಧ್ಯಯನ ಮಾಡಿ ವರದಿ ಬರೆದರು. ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಹೊಡೆಯುವ ಪದ್ಧತಿ ಬೆಳೆದದ್ದು ಅಲ್ಲಿಂದ. ನೂರು ವರ್ಷ ದಾಟಿದರೂ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಅಳತೆಯೇ ನಡೆಯುತ್ತಿದೆ. ನಾನು ಇದನ್ನು ಹೇಳುವುದು ಯಾಕೆಂದರೆ, ರೋಗ, ಮಳೆ, ಕೆಲಸದ ಕ್ರಮ ಈ ಮೂರನ್ನೂ ಒಟ್ಟಿಗೆ ನೋಡಿದವರು ಒಮ್ಮೆ ಬಂದರೆ ಒಂದು ಸೀಮೆಯ ಬದುಕೇ ಬದಲಾಗುತ್ತದೆ. ಈಗ ಔಷಧಿ ಹೊಡೆಯಲು ಮಳೆ ಹೊಳವಾಗುವ ದಿನಗಳು ಹೇಗೆ ಬದಲಾಗಿವೆ, ವಿಮೆಯ ಮಿಲಿಮೀಟರ್ ಎಷ್ಟಿದ್ದರೆ ನ್ಯಾಯ ಎಂದು ಅಳೆದು ಹೇಳುವವರು ಬೇಕು. ಮಾಪಕವನ್ನೂ ಓದಬಲ್ಲ, ಸರ್ಕಾರಿ ಆದೇಶವನ್ನೂ ಓದಬಲ್ಲ ಒಬ್ಬಳು ಹುಡುಗಿ ಹೊಸನಗರದಿಂದ ಬರಲಿ ಎಂದು ನಾನು ಮನಸ್ಸಿಟ್ಟು ಬಯಸುತ್ತೇನೆ.

ಎಲ್ಲಿ ಓದುವುದು? ಮನೆಗೆ ಹತ್ತಿರ ಬೇಕಾದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಇದೆ. ಗಾಳಿ, ಮೋಡ, ಸಮುದ್ರದ ಭೌತಶಾಸ್ತ್ರವೇ ಬೇಕೆಂದರೆ ಕೊಚ್ಚಿಯ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ, ಪುಣೆ ವಿಶ್ವವಿದ್ಯಾಲಯ, ಆಂಧ್ರ ವಿಶ್ವವಿದ್ಯಾಲಯಗಳಲ್ಲಿ ವಾತಾವರಣ ವಿಜ್ಞಾನ ಹೇಳಿಕೊಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರವಿದೆ, 2009ರಿಂದ ದಿವೇಚ ಹವಾಮಾನ ಬದಲಾವಣೆ ಕೇಂದ್ರವೂ ಇದೆ. ವಿಜ್ಞಾನ, ನೀತಿ ಎರಡನ್ನೂ ಒಂದೇ ಪದವಿಯಲ್ಲಿ ಕೊಡುವುದು ದೆಹಲಿಯ ಟೆರಿ ಸಂಸ್ಥೆಯ ಎಂ.ಎಸ್ಸಿ. ಆದರೆ ನನ್ನ ಸಲಹೆ ಬೇರೆ. ನಿನಗೆ ಭೌತಶಾಸ್ತ್ರ, ಗಣಿತ ಕೈಹಿಡಿದಿವೆ. ಮೊದಲ ಎರಡು ವರ್ಷ ಅದನ್ನೇ ಗಟ್ಟಿ ಮಾಡಿಕೊ. ಸಂಖ್ಯಾಶಾಸ್ತ್ರ ಕಲಿ, ಕಂಪ್ಯೂಟರಿಗೆ ಪೈಥಾನ್ ಎಂಬ ಅದರ ಭಾಷೆಯಲ್ಲಿ ಲೆಕ್ಕ ಹೇಳುವುದನ್ನು ಕಲಿ. ನೀತಿಯನ್ನು ಆಮೇಲೆ ಓದಿ ಹಿಡಿಯಬಹುದು. ಸಮೀಕರಣವನ್ನು ಮೂವತ್ತರ ನಂತರ ಹಿಡಿಯುವುದು ಬಹಳ ಕಷ್ಟ.

ಕೆಲಸದ ಮಾತು ಅಪ್ಪನಿಗಾಗಿ. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕ ಹುದ್ದೆಗೆ ಭೌತಶಾಸ್ತ್ರದ ಬಿ.ಎಸ್ಸಿ.ಯೇ ಸಾಕು, ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಪರೀಕ್ಷೆ ನಡೆಸುತ್ತದೆ. ಆದರೆ ಪ್ರತಿವರ್ಷ ಕರೆಯುವುದಿಲ್ಲ. ಸಂಶೋಧನೆಗೆ, ಕಾಲೇಜು ಪಾಠಕ್ಕೆ ಅರ್ಹತೆ ಕೊಡುವ ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯಲ್ಲಿ ಭೂಮಿ, ವಾತಾವರಣ, ಸಾಗರ ವಿಜ್ಞಾನಕ್ಕೆ ಪ್ರತ್ಯೇಕ ಪತ್ರಿಕೆಯಿದೆ. ಫೆಲೋಶಿಪ್ ಸಿಕ್ಕರೆ ಸಂಶೋಧನೆ ಮಾಡುತ್ತಲೇ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ವಿಪತ್ತು ನಿರ್ವಹಣೆ, ವಿಮೆ, ವಿದ್ಯುತ್ ಕ್ಷೇತ್ರಗಳಲ್ಲೂ ಕೆಲಸಗಳಿವೆ. ಬಹಳಷ್ಟು ಯೋಜನೆಯ ಹುದ್ದೆಗಳು ಎರಡು ಮೂರು ವರ್ಷಕ್ಕೆ ಮುಗಿಯುವಂಥವು, ಅದನ್ನು ಅಪ್ಪನಿಂದ ಮುಚ್ಚಿಡಬೇಡ. ಎಂ.ಎಸ್ಸಿ. ಮುಗಿಸಿ ಬಿ.ಎಡ್. ಮಾಡುವ ದಾರಿ ಯಾವಾಗಲೂ ತೆರೆದಿರುತ್ತದೆ ಎಂದೂ ಹೇಳು.

ಕನ್ನಡ ಮಾಧ್ಯಮದ ಅಳುಕು ನನಗೆ ಚೆನ್ನಾಗಿ ಗೊತ್ತು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಓದಲು ಹೋದ ಮೊದಲ ತಿಂಗಳು ತರಗತಿಯಲ್ಲಿ ಅರ್ಧ ಮಾತು ನನ್ನ ಕಿವಿಗೆ ಬೀಳುತ್ತಿತ್ತು, ಮನಸ್ಸಿಗೆ ಇಳಿಯುತ್ತಿರಲಿಲ್ಲ. ಒಂದು ನೂರು ಪುಟದ ನೋಟ್ ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅದರ ಅರ್ಥವನ್ನು ಮನೆಮಾತಿನಲ್ಲಿ ಬರೆಯುತ್ತಾ ಹೋದೆ. ಎಂಟ್ರೊಪಿಗೆ ಮೂರು ಪುಟ ಬೇಕಾಯಿತು. ದೀಪಾವಳಿ ರಜೆ ಹೊತ್ತಿಗೆ ಪುಸ್ತಕ ತುಂಬಿತ್ತು, ಭಯ ಹೋಗಿತ್ತು. ನೀನೂ ಇವತ್ತೇ ಶುರು ಮಾಡು.

ಪ್ರಶ್ನೆ: ನಾನು ಬಿ.ಎ. ಓದುತ್ತಿದ್ದೇನೆ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಈ ವಿಷಯ ವಿಜ್ಞಾನದವರಿಗೆ ಮಾತ್ರವೇ?
ವಿದ್ಯಾರ್ಥಿ, ಭದ್ರಾವತಿ

ಉತ್ತರ: ಇಲ್ಲಪ್ಪ. ವಿಶ್ವಸಂಸ್ಥೆಯ ಆಶ್ರಯದಲ್ಲಿ 1988ರಲ್ಲಿ ಶುರುವಾದ, ಹವಾಮಾನ ಬದಲಾವಣೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ವರದಿ ಕೊಡುವ ಐ.ಪಿ.ಸಿ.ಸಿ. ಎಂಬ ಸಮಿತಿಯಲ್ಲಿ ಮೂರು ತಂಡಗಳಿವೆ. ಮೊದಲನೆಯದು ಭೌತ ವಿಜ್ಞಾನದ್ದು. ಬದುಕಿನ ಮೇಲಾಗುವ ಪರಿಣಾಮ ನೋಡುವ ಎರಡನೆಯದರಲ್ಲಿ, ಹೊಗೆ ಇಳಿಸುವ ದಾರಿ ನೋಡುವ ಮೂರನೆಯದರಲ್ಲಿ ನಿನ್ನ ಶಾಸ್ತ್ರದವರು ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ. ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಈ ವಿಷಯದ ಸಂಶೋಧನೆ ನಡೆಯುತ್ತದೆ. ಆದರೆ ಒಂದು ಗ್ರಾಫನ್ನು ಕಂಡು ಹೆದರದಷ್ಟು ಸಂಖ್ಯಾಶಾಸ್ತ್ರ ಕಲಿಯಲೇಬೇಕು. ದೇಶದ 2008ರ ಹವಾಮಾನ ಕ್ರಿಯಾ ಯೋಜನೆ, ನಮ್ಮ ರಾಜ್ಯದ ಕ್ರಿಯಾ ಯೋಜನೆ ಎರಡನ್ನೂ ಬೇರೆಯವರು ಬರೆದ ಸಾರಾಂಶದಲ್ಲಲ್ಲ, ಮೂಲದಲ್ಲೇ ಓದು. ಓದುವಾಗ ನಿನ್ನ ತಾಲ್ಲೂಕಿಗೆ ಎಷ್ಟು ಹಣ, ಯಾವ ಇಲಾಖೆಯಿಂದ ಎಂದು ಹುಡುಕುತ್ತಾ ಹೋಗು.

ಪ್ರಶ್ನೆ: ಅಮ್ಮ, ನಾವು ಸಾಗರ ತಾಲ್ಲೂಕಿನ ಹಿನ್ನೀರಿನ ಕಡೆಯವರು. ಲಿಂಗನಮಕ್ಕಿ ಅಣೆಕಟ್ಟಿಗೆ ನಮ್ಮ ಅಪ್ಪ ಮನೆ, ಗದ್ದೆ ಕಳಕೊಂಡವರು. ಈಗ ಶರಾವತಿ ಕಣಿವೆಯಲ್ಲಿ ಪಂಪ್ಡ್ ಸ್ಟೋರೇಜ್ ಮಾಡ್ತೀವಿ ಅಂದಾಗ ನಾನೂ ವಿರೋಧಿಸೋಕೆ ಹೋಗಿದ್ದೆ. ಮಗ ಬೆಂಗಳೂರಲ್ಲಿ ಹವಾಮಾನ ನೀತಿ ಓದ್ತಿದ್ದಾನೆ. ಸೋಲಾರ್ ಕರೆಂಟು ಕೂಡಿಡೋಕೆ ಇದು ಬೇಕು, ನಿಮಗೆ ಅರ್ಥ ಆಗಲ್ಲ ಅಂದ. ಅವತ್ತಿಂದ ಊಟಕ್ಕೆ ಕೂತಾಗಲೂ ಮಾತಿಲ್ಲ. ಈ ಓದು ಮಕ್ಕಳನ್ನ ಊರಿಂದ ದೂರ ಮಾಡುತ್ತಾ?
ಓದುಗರು, ಸಾಗರ ತಾಲ್ಲೂಕು

ಉತ್ತರ: ಅಣ್ಣಾ, ನಿಮ್ಮ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನಿಮ್ಮ ಮಗ ಹೇಳಿದ್ದರಲ್ಲಿ ನಿಜವಿದೆ. ಮಧ್ಯಾಹ್ನ ಸೋಲಾರ್ ಕರೆಂಟು ಹೆಚ್ಚಾಗುತ್ತದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇರುವುದಿಲ್ಲ. ಹಗಲಿನ ಕರೆಂಟಿನಲ್ಲಿ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಅದನ್ನೇ ಕೆಳಗೆ ಬಿಟ್ಟು 2000 ಮೆಗಾವಾಟ್ ತೆಗೆಯುವುದು ಯೋಜನೆಯ ಲೆಕ್ಕ. ಹೀಗೆ ಎತ್ತಿ ಇಳಿಸುವುದರಲ್ಲಿ ನಾಲ್ಕರಲ್ಲಿ ಒಂದು ಪಾಲಿನ ಹತ್ತಿರ ಶಕ್ತಿ ಸೋರಿಹೋಗುತ್ತದೆ, ಆದರೂ ಕೂಡಿಡಲು ಇದು ಪರೀಕ್ಷೆಯಾದ ದಾರಿ. 2030ರೊಳಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧವನ್ನು ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳಿಂದ ಮಾಡುತ್ತೇವೆ ಎಂದು ದೇಶ 2022ರಲ್ಲಿ ಮಾತು ಕೊಟ್ಟಿತ್ತು. ನಿಮ್ಮ ಹುಡುಗ ಅದನ್ನು ನೋಡಿ ಮಾತಾಡಿದ್ದಾನೆ.

ನೀವು ಹೇಳುವುದು ಅದಕ್ಕಿಂತ ದೊಡ್ಡ ನಿಜ. ಆ ಜಾಗ ಸಿಂಗಳೀಕಗಳ ಅಭಯಾರಣ್ಯ. ಕಡಿದರೆ ಅಂಥ ಕಾಡು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮರಳಿ ಬರುವುದಿಲ್ಲ. ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರಿಗೆ ಮನೆ ಬಿಟ್ಟುಕೊಟ್ಟವರಲ್ಲಿ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಕೂತ ನೆಲದ ಹಕ್ಕುಪತ್ರವಿಲ್ಲ. ಬೆಳಕು ಊರೂರಿಗೆ ಹೋಯಿತು, ಮುಳುಗಿದವರ ಕಾಗದ ಮೇಜಿನಿಂದ ಮೇಜಿಗೆ ಹೋಯಿತು.

ಮಗನನ್ನು ಒಂದು ಪ್ರಶ್ನೆ ಕೇಳಿ. 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಲ್ಲಿ ಒಂದು ತತ್ವವಿದೆ. ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರದೂ ಒಂದೇ ತೂಕದ್ದಲ್ಲ. ಮೊದಲು ಹೊಗೆ ಉಗುಳಿ ಶ್ರೀಮಂತರಾದ ದೇಶಗಳು ಹೆಚ್ಚು ಹೊರಬೇಕು ಎಂದು ಭಾರತ ಪ್ರತಿ ಸಭೆಯಲ್ಲೂ ಅದನ್ನೇ ಹಿಡಿದು ವಾದಿಸುತ್ತದೆ. ಅವನು ಅದನ್ನು ಪರೀಕ್ಷೆಗೆ ಓದಿಯೇ ಇರುತ್ತಾನೆ. ಅದೇ ತತ್ವ ಬೆಂಗಳೂರಿಗೂ ಶರಾವತಿ ಕಣಿವೆಗೂ ನಡುವೆ ಯಾಕೆ ಲಾಗೂ ಆಗುವುದಿಲ್ಲ ಎಂದು ಕೇಳಿ. ಒಮ್ಮೆ ಮುಳುಗಿದವರೇ ಮತ್ತೊಮ್ಮೆ ಯಾಕೆ ಹೊರಬೇಕು? ಕೂಡಿಡಲು ಬೇರೆ ಜಾಗ, ಬೇರೆ ತಂತ್ರವನ್ನು ಯಾರು ಎಷ್ಟರಮಟ್ಟಿಗೆ ಹುಡುಕಿದರು? ಕಾಡು ಹೋದರೆ ಅದು ಹಿಡಿದಿಟ್ಟ ಇಂಗಾಲವನ್ನು ಯಾವ ಲೆಕ್ಕಕ್ಕೆ ಬರೆದರು? ಇವು ಅವನ ಓದಿನ ಒಳಗಿನ ಪ್ರಶ್ನೆಗಳು, ಹೊರಗಿನವಲ್ಲ. ನನ್ನ ನಿಲುವು ಕೇಳಿದರೆ, ಇವಕ್ಕೆಲ್ಲ ಊರಿನವರ ಮುಂದೆ ಕನ್ನಡದಲ್ಲಿ ಉತ್ತರ ಸಿಗುವವರೆಗೆ ಅಲ್ಲಿ ಒಂದು ಮರವನ್ನೂ ಕಡಿಯಬಾರದು.

ಹುಡುಗ ನಿಮಗೆ ಅರ್ಥ ಆಗಲ್ಲ ಅಂದದ್ದು ತಪ್ಪು. ಮುಂದಿನ ಸಲ ಊರಿಗೆ ಬಂದಾಗ ಮಾತು ಬೇಡ, ಅವನನ್ನು ಲಾಂಚಿನಲ್ಲಿ ಕರಕೊಂಡು ಹೋಗಿ ನಿಮ್ಮ ಅಪ್ಪನ ಮನೆ ಇದ್ದ ಜಾಗ ತೋರಿಸಿ. ಬೇಸಿಗೆಯಲ್ಲಿ ನೀರು ಇಳಿದಾಗ ಹೋದರೆ ಇನ್ನೂ ಒಳ್ಳೆಯದು. ಅವನು ಪ್ರಬಂಧ ಬರೆಯಬೇಕಾಗಿ ಬಂದಾಗ ಅದರ ಬಗ್ಗೆಯೇ ಬರೆಯಲಿ.

ಪ್ರಶ್ನೆ: ನಮ್ಮ ಮಾವನವರು 1961ರಿಂದ ತೀರಿಕೊಳ್ಳುವವರೆಗೆ ದಿನಾ ಮಳೆ ಅಳೆದು ಡೈರಿಯಲ್ಲಿ ಬರೆದಿಟ್ಟಿದ್ದರು. ಅಟ್ಟದ ಮೇಲಿವೆ, ಗೆದ್ದಲು ಹತ್ತಿದೆ. ಒಲೆಗೆ ಹಾಕೋಣ ಅಂತಾರೆ ಮನೆಯವರು. ವಿಶ್ವವಿದ್ಯಾಲಯಕ್ಕೆ ಉಪಯೋಗವಾದೀತೇ?
ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ಒಲೆಗೆ ಹಾಕಬೇಡಿ. ಒಂದು ಜಾಗದ ಹವಾಮಾನ ಹೀಗೆ ಎಂದು ಹೇಳಲು ಕನಿಷ್ಠ 30 ವರ್ಷದ ದಾಖಲೆ ಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿದ ಅಳತೆ. ನಿಮ್ಮ ಅಟ್ಟದ ಮೇಲೆ ಅದು ಇರಬಹುದು. ಮೇಲಿನ ಹೊಸನಗರದ ಹುಡುಗಿಗೆ ನಾನು ಹೇಳಿದ 25 ಕಿಲೋಮೀಟರ್ ಚೌಕದೊಳಗೆ ನಿಮ್ಮ ಮಾವನವರ ಡೈರಿಯಂಥದ್ದು ಒಂದಿದ್ದರೂ ಬಹಳ ದೊಡ್ಡ ಆಧಾರ.

ಇವತ್ತೇ ಕೆಳಗಿಳಿಸಿ. ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ, ನೆರಳಿನಲ್ಲಿ ಗಾಳಿಗೆ ಆರಲಿ. ಗೆದ್ದಲನ್ನು ಮೆತ್ತನೆಯ ಬ್ರಷ್‌ನಿಂದ ಉದುರಿಸಿ, ಒರೆಸಬೇಡಿ. ಮೊಬೈಲಿನಲ್ಲಿ ಪುಟ ಪುಟವಾಗಿ ಫೋಟೊ ತೆಗೆಯಿರಿ. ಆರಿದ್ರಾ, ಆಶ್ಲೇಷಾ ಎಂದು ಮಳೆ ನಕ್ಷತ್ರದ ಲೆಕ್ಕದಲ್ಲಿ ಬರೆದಿದ್ದರೆ ಹಾಗೇ ಇರಲಿ, ಇಂಚಿನಲ್ಲಿ ಬರೆದಿದ್ದರೂ ಹಾಗೇ ಇರಲಿ. ನೀವು ತಿದ್ದಿ ಮಿಲಿಮೀಟರ್ ಮಾಡಬೇಡಿ. ಬರೆಯದೆ ಬಿಟ್ಟ ದಿನವನ್ನು ಸೊನ್ನೆ ಎಂದು ತುಂಬಬೇಡಿ, ಬಿಟ್ಟದ್ದೇ ಬೇರೆ, ಮಳೆ ಇಲ್ಲದ್ದೇ ಬೇರೆ. ಪ್ರತಿಗಳನ್ನು ಶಂಕರಘಟ್ಟದ ಪರಿಸರ ವಿಜ್ಞಾನ ವಿಭಾಗಕ್ಕೋ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ ಕೊಡಿ. ಮೂಲ ನಿಮ್ಮ ಮನೆಯಲ್ಲೇ ಇರಲಿ.

ಎಲ್ಲಕ್ಕಿಂತ ಮೊದಲು ನಿಮ್ಮ ಅತ್ತೆಯವರು ಇದ್ದರೆ ಅವರ ಹತ್ತಿರ ಕೂತು ಕೇಳಿ: ಆ ಡಬ್ಬಿ ಅಂಗಳದ ಯಾವ ಮೂಲೆಯಲ್ಲಿತ್ತು, ಎಂದಾದರೂ ಜಾಗ ಬದಲಿಸಿದ್ದರಾ, ಮಾವನವರು ಬೆಳಿಗ್ಗೆ ಎಷ್ಟು ಹೊತ್ತಿಗೆ ನೋಡುತ್ತಿದ್ದರು, ಅವರು ಊರಲ್ಲಿಲ್ಲದಾಗ ಯಾರು ಬರೆಯುತ್ತಿದ್ದರು. ಕೇಳಿದ್ದನ್ನು ತಾರೀಕು ಹಾಕಿ ಡೈರಿಯ ಜೊತೆಗೇ ಇಡಿ.